ಪೂರ್ವಘಟ್ಟದ ಕಾಡಂಚಿನ ಕುಟೀರಗಳು: ಮುಂಗಡ ಕೊಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ವಿಜಯವಾಡದಿಂದ ಹೈದರಾಬಾದಿನ ಕಡೆಗೆ ಹೊರಟರೆ ಸುಮಾರು 16 ಕಿ.ಮೀ. ದೂರದಲ್ಲಿ, ಕೃಷ್ಣಾ ನದಿಯ ದಡದಲ್ಲಿ ಸಿಗುವ ಊರು ಇಬ್ರಾಹಿಂಪಟ್ನಂ. 1979ರಿಂದ ವಿದ್ಯುತ್ ಉತ್ಪಾದಿಸುತ್ತಿರುವ, ಈಗ ಡಾ. ನಾರ್ಲ ತಾತಾರಾವ್ ಅವರ ಹೆಸರನ್ನು ಹೊತ್ತಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಚಿಮಣಿಗಳೇ ಈ ಊರಿನ ಗುರುತು. ಬೆಜವಾಡ ಎಂಬ ಹಳೆಯ ಹೆಸರನ್ನು ತಿರುಚಿ ವಿಜಯವಾಡವನ್ನು ‘ಬ್ಲೇಜ್‌ವಾಡ’ ಎಂದು ಜನ ಹಾಸ್ಯ ಮಾಡುವುದುಂಟು. ಏಪ್ರಿಲ್ ತಿಂಗಳು ಮುಗಿಯುವಷ್ಟರಲ್ಲಿ ಅದು ಹಾಸ್ಯವಾಗಿ ಉಳಿಯುವುದಿಲ್ಲ. ಉದ್ಯೋಗ ನಿಮಿತ್ತ ಇಲ್ಲಿಗೆ ಬಂದಿರುವ ಕನ್ನಡ ಕುಟುಂಬಗಳು, ವಿಶೇಷವಾಗಿ 2020ರ ಏಪ್ರಿಲ್ 1ರಂದು ಆಂಧ್ರ ಬ್ಯಾಂಕ್ ಮತ್ತು ಕಾರ್ಪೊರೇಶನ್ ಬ್ಯಾಂಕ್‌ಗಳು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡ ಮೇಲೆ ವರ್ಗವಾಗಿ ಬಂದ ನಮ್ಮಂಥ ಬ್ಯಾಂಕ್ ನೌಕರರ ಮನೆಯವರು, ರಜೆ ಸಮೀಪಿಸಿದಂತೆ ಕೇಳುವ ಪ್ರಶ್ನೆ ಒಂದೇ: ಮಡಿಕೇರಿ, ಚಿಕ್ಕಮಗಳೂರುಗಳಿಗೆ ಹೋಗಿಬರುವಷ್ಟು ರಜೆ ಇಲ್ಲ, ಇಲ್ಲಿಯೇ ಬೆಟ್ಟ, ಕಾಡು, ಅಚ್ಚುಕಟ್ಟಾದ ಕುಟೀರ ಎಲ್ಲಿ ಸಿಕ್ಕೀತು?

ಉತ್ತರವಿದೆ. ಆದರೆ ಕರ್ನಾಟಕದ ಮಲೆನಾಡಿನಲ್ಲಿ ಕುಟೀರ ಹಿಡಿಯುವುದಕ್ಕೂ ಆಂಧ್ರದ ಪೂರ್ವಘಟ್ಟದಲ್ಲಿ ಹಿಡಿಯುವುದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದ್ದು, ಅದನ್ನು ಪ್ರವಾಸೀ ಜಾಹೀರಾತುಗಳು ಹೇಳುವುದಿಲ್ಲ. ಆ ವಿಷಯಕ್ಕೆ ಬರುವ ಮುನ್ನ ಸ್ಥಳಗಳ ಪರಿಚಯ ಮಾಡಿಕೊಳ್ಳೋಣ.

ಎಲ್ಲಿಗೆ ಹೋಗಬಹುದು?

ಮೊದಲನೆಯ ಹೆಸರು ಅರಕು ಕಣಿವೆಯದು. ವಿಶಾಖಪಟ್ಟಣದಿಂದ ರಸ್ತೆಯಲ್ಲಿ ಸುಮಾರು 115 ಕಿ.ಮೀ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರ. ಇದನ್ನು ಕೇಳಿ ನಿರಾಶರಾಗಬೇಕಿಲ್ಲ. ಸುತ್ತ ಇನ್ನೂ ಎತ್ತರದ ಬೆಟ್ಟಗಳಿದ್ದು ಡಿಸೆಂಬರ್, ಜನವರಿಯ ಚಳಿ ನಿಜಕ್ಕೂ ಚಳಿಯೇ. ದಾರಿಯಲ್ಲಿ ಶೃಂಗವರಪುಕೋಟ ದಾಟಿ ಘಾಟಿ ಹತ್ತಲಾರಂಭಿಸಿದ ಮೇಲೆ ಮೊದಲು ಟೈಡಾ, ಅನಂತರ ಅನಂತಗಿರಿ ಸಿಗುತ್ತವೆ. ಅರಕು, ಅನಂತಗಿರಿಗಳಲ್ಲಿ ಆಂಧ್ರಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ‘ಹರಿತ’ ವಸತಿಗೃಹಗಳಿವೆ. ಟೈಡಾದಲ್ಲಿ ನಿಗಮದ್ದೇ ಆದ ‘ಜಂಗಲ್ ಬೆಲ್ಸ್’ ಇದೆ. ನನ್ನ ಅಭಿಪ್ರಾಯದಲ್ಲಿ ಕಾಡಿನ ಸಾಮೀಪ್ಯ ಬೇಕಾದವರಿಗೆ ಅರಕುಗಿಂತ ಟೈಡಾ, ಅನಂತಗಿರಿಗಳೇ ಮೇಲು. ಅರಕು ಪೇಟೆ ವಾರಾಂತ್ಯದಲ್ಲಿ ಗಿಜಿಗುಡುತ್ತದೆ. ಟೈಡಾ ಪಕ್ಷಿವೀಕ್ಷಕರ ಮೆಚ್ಚಿನ ತಾಣ. ಬೆಳಗಿನ ಜಾವ ಎದ್ದು ಸುಮ್ಮನೆ ಕುಳಿತರೂ ಹೋದದ್ದು ಸಾರ್ಥಕ.

ಅರಕಿನಿಂದ ಮುಂದೆ ಪಾಡೇರು. 2022ರ ಏಪ್ರಿಲ್ 4ರಂದು ರಚನೆಯಾದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಕೇಂದ್ರ ಅದು. ಪಾಡೇರಿನ ಸಮೀಪದ ವಂಜಂಗಿಯ ಗುಡ್ಡದಿಂದ ಸೂರ್ಯೋದಯದ ವೇಳೆ ಕಣಿವೆ ತುಂಬಿದ ಮೋಡಗಳನ್ನು ನೋಡಲು ಚಳಿಗಾಲದಲ್ಲಿ ಜನ ಮುಗಿಬೀಳುತ್ತಾರೆ. ಇನ್ನೊಂದು ಕಡೆ ಲಂಬಸಿಂಗಿ. ಪತ್ರಿಕೆಗಳು ಇದನ್ನು ‘ಆಂಧ್ರದ ಕಾಶ್ಮೀರ’ ಎಂದು ಕರೆದು ಬಹಳ ವರ್ಷಗಳಾದವು. ಹಿಮ ಬೀಳುತ್ತದೆಂದು ನಂಬಿ ಹೋಗಬಾರದು. ದಟ್ಟ ಮಂಜು ಮತ್ತು ಬೆಳಗಿನ ಕೊರೆಯುವ ಚಳಿ ಅಲ್ಲಿನ ಆಕರ್ಷಣೆ. ಇಲ್ಲಿ ಗುಡಾರಗಳೇ ಹೆಚ್ಚು, ಗಟ್ಟಿ ಕಟ್ಟಡಗಳು ಕಡಿಮೆ. ಚಿಕ್ಕ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗುವವರು ಇದನ್ನು ಗಮನದಲ್ಲಿಡುವುದು ಒಳಿತು.

ಇಬ್ರಾಹಿಂಪಟ್ನಂನವರಿಗೆ ಮತ್ತೊಂದು ದಾರಿ ಮನೆಯ ಮುಂದೆಯೇ ಇದೆ. ಉತ್ತರಾಖಂಡದ ಸಿತಾರಗಂಜಿನಿಂದ ಹೊರಡುವ 30ನೆಯ ರಾಷ್ಟ್ರೀಯ ಹೆದ್ದಾರಿ ಜಗದಲಪುರ, ಕೊಂಟ, ಚಿಂತೂರು, ಭದ್ರಾಚಲಂಗಳನ್ನು ಹಾದು ಬಂದು ಕೊನೆಗೊಳ್ಳುವುದು ನಮ್ಮ ಇಬ್ರಾಹಿಂಪಟ್ನಂ ಕೂಡುರಸ್ತೆಯಲ್ಲಿ. ಇದೇ ರಸ್ತೆಯನ್ನು ಹಿಡಿದು ಚಿಂತೂರಿಗೆ ಹೋಗಿ, ಅಲ್ಲಿಂದ ಘಾಟಿ ದಾಟಿದರೆ ಮಾರೇಡುಮಿಲ್ಲಿ. ರಾಜಮಹೇಂದ್ರಿ, ರಂಪಚೋಡವರಂಗಳ ಮೂಲಕವೂ ಮಾರೇಡುಮಿಲ್ಲಿಗೆ ಹೋಗಬಹುದು. ಘಾಟಿಯ ತಿರುವುಗಳನ್ನು ಒಗ್ಗದವರಿಗೆ ಅದೇ ಅನುಕೂಲ. ಇಲ್ಲಿ ಅರಣ್ಯ ಇಲಾಖೆ ಸ್ಥಳೀಯ ವನ ಸಂರಕ್ಷಣ ಸಮಿತಿಗಳ ಜೊತೆಗೂಡಿ ‘ವನವಿಹಾರಿ’ ವಸತಿಯನ್ನು ನಡೆಸಿಕೊಂಡು ಬಂದಿದೆ. ಬಿದಿರಿನ ಬೊಂಬಿನೊಳಗೆ ಮಸಾಲೆ ಬೆರೆಸಿದ ಕೋಳಿಮಾಂಸವನ್ನು ತುಂಬಿ ಕೆಂಡದ ಮೇಲೆ ಬೇಯಿಸುವ ‘ಬೊಂಗು ಚಿಕನ್’ ಈ ಭಾಗದ ಖ್ಯಾತ ಭಕ್ಷ್ಯ. ಸಸ್ಯಾಹಾರಿಗಳು ಊಟದ ವ್ಯವಸ್ಥೆಯನ್ನು ಮೊದಲೇ ಮಾತಾಡಿಕೊಳ್ಳುವುದು ವಾಸಿ.

ಒಂದು ಮಾತು. ಕಬಿನಿ, ಬಂಡೀಪುರಗಳ ಅನುಭವವಿದ್ದವರು ಅದೇ ನಿರೀಕ್ಷೆಯನ್ನು ಇಲ್ಲಿಗೆ ತರಬಾರದು. ನಮ್ಮ ಜಂಗಲ್ ಲಾಡ್ಜಸ್ ಸಂಸ್ಥೆ 1980ರಿಂದ ರೂಢಿಸಿಕೊಂಡು ಬಂದಿರುವ ಪದ್ಧತಿಯಲ್ಲಿ ಕೋಣೆಯ ಬಾಡಿಗೆಯೊಡನೆ ಊಟ, ಜೀಪು ಸಫಾರಿ, ಪ್ರಕೃತಿತಜ್ಞರ ವಿವರಣೆ ಎಲ್ಲವೂ ಸೇರಿರುತ್ತವೆ. ಅರಕಿನ ಕಡೆ ಆನೆಯ ಹಿಂಡು ನೋಡಲು ಸಫಾರಿ ಹೊರಡುವ ಪದ್ಧತಿಯಿಲ್ಲ. ಇಲ್ಲಿನದು ಬೆಟ್ಟ, ಜಲಪಾತ, ಕಾಫಿ ತೋಟ, ಗುಹೆ ಮತ್ತು ಆದಿವಾಸಿ ಜನಜೀವನದ ಪ್ರದೇಶ.

ನೆಲ ಯಾರದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಅರಕು, ಅನಂತಗಿರಿ, ಪಾಡೇರು, ಮಾರೇಡುಮಿಲ್ಲಿಗಳೆಲ್ಲ ಸಂವಿಧಾನದ ಐದನೆಯ ಅನುಸೂಚಿಗೆ ಒಳಪಟ್ಟ ಪರಿಶಿಷ್ಟ ಪ್ರದೇಶಗಳು. ಸ್ಥಳೀಯರು ಇವನ್ನು ಇಂದಿಗೂ ‘ಏಜೆನ್ಸಿ’ ಎನ್ನುತ್ತಾರೆ. 1839ರ ಕಾಯ್ದೆಯೊಂದರ ಮೂಲಕ ಗಂಜಾಂ ಮತ್ತು ವಿಶಾಖಪಟ್ಟಣದ ಬೆಟ್ಟಪ್ರದೇಶಗಳನ್ನು ಸಾಮಾನ್ಯ ಆಡಳಿತದಿಂದ ಬೇರ್ಪಡಿಸಿ ಗವರ್ನರನ ಏಜೆಂಟನ ಕೈಗೆ ಒಪ್ಪಿಸಿದ್ದರಿಂದ ಬಂದ ಹೆಸರು ಇದು. ಬಯಲುಸೀಮೆಯ ಸಾಹುಕಾರರು ಸಾಲದ ಹೆಸರಿನಲ್ಲಿ ಆದಿವಾಸಿಗಳ ಭೂಮಿಯನ್ನು ಕಬಳಿಸುವುದನ್ನು ತಡೆಯಲು 1917ರಲ್ಲಿಯೇ ಒಂದು ಕಾನೂನು ಬಂದಿತು. ಆದರೂ ಅಸಮಾಧಾನ ಆರಲಿಲ್ಲ. ಅರಣ್ಯದ ನಿರ್ಬಂಧಗಳೂ ಬಿಟ್ಟಿ ದುಡಿಮೆಯೂ ಸೇರಿ 1922ರಿಂದ 1924ರವರೆಗೆ ಅಲ್ಲೂರಿ ಸೀತಾರಾಮರಾಜು ಅವರ ನೇತೃತ್ವದಲ್ಲಿ ರಂಪ ದಂಗೆ ನಡೆಯಿತು.

ಈಗ ಜಾರಿಯಲ್ಲಿರುವುದು 1959ರ ಆಂಧ್ರಪ್ರದೇಶ ಪರಿಶಿಷ್ಟ ಪ್ರದೇಶಗಳ ಭೂ ಪರಭಾರೆ ನಿಯಮಾವಳಿ. 1970ರಲ್ಲಿ ಇದಕ್ಕೆ ಬಂದ ತಿದ್ದುಪಡಿ ಬಹಳ ಕಟ್ಟುನಿಟ್ಟಿನದು. ಏಜೆನ್ಸಿಯ ಸ್ಥಿರಾಸ್ತಿಯನ್ನು ಪರಿಶಿಷ್ಟ ಪಂಗಡದವರಿಗೆ ಅಥವಾ ಅವರ ಸಹಕಾರ ಸಂಘಗಳಿಗೆ ಹೊರತು ಬೇರೆ ಯಾರಿಗೂ ಪರಭಾರೆ ಮಾಡುವಂತಿಲ್ಲ. ಪರಭಾರೆ ಎಂದರೆ ಕ್ರಯ ಮಾತ್ರವಲ್ಲ, ಗುತ್ತಿಗೆಯೂ ಅದರಲ್ಲಿ ಸೇರಿದೆ. ಆದಿವಾಸಿಯಲ್ಲದವರೊಬ್ಬರು ಇನ್ನೊಬ್ಬ ಆದಿವಾಸಿಯಲ್ಲದವರಿಗೆ ಮಾರಿದರೂ ಅದು ಊರ್ಜಿತವಲ್ಲ. ಇಷ್ಟೇ ಅಲ್ಲ, ಆದಿವಾಸಿಯಲ್ಲದವರ ಕೈಯಲ್ಲಿರುವ ಭೂಮಿ ಮೂಲತಃ ಆದಿವಾಸಿಯಿಂದಲೇ ಬಂದದ್ದೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಧಿಸುವ ಹೊಣೆ ಹಿಡುವಳಿದಾರನದು.

ಇದರ ಬಲವನ್ನು ದೇಶಕ್ಕೆ ತೋರಿಸಿಕೊಟ್ಟ ಪ್ರಕರಣ ಹುಟ್ಟಿದ್ದೂ ಪ್ರವಾಸಿಗರು ತಂಡೋಪತಂಡವಾಗಿ ಹೋಗುವ ಬೊರ್ರಾ ಗುಹೆಗಳ ಆಸುಪಾಸಿನಲ್ಲಿ, ಅನಂತಗಿರಿ ಮಂಡಲದಲ್ಲಿ. ಅಲ್ಲಿ ಖಾಸಗಿ ಕಂಪನಿಗಳಿಗೆ ಸರ್ಕಾರ ನೀಡಿದ್ದ ಗಣಿ ಗುತ್ತಿಗೆಗಳನ್ನು ‘ಸಮತಾ’ ಎಂಬ ಸಂಸ್ಥೆ ಪ್ರಶ್ನಿಸಿತು. 1997ರ ಜುಲೈ 11ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ಬಹುಮತದ ತೀರ್ಪಿನಲ್ಲಿ, ಈ ನಿಯಮಾವಳಿಯ ದೃಷ್ಟಿಯಲ್ಲಿ ಸರ್ಕಾರವೂ ಒಬ್ಬ ‘ವ್ಯಕ್ತಿ’ಯೇ, ಪರಿಶಿಷ್ಟ ಪ್ರದೇಶದ ಸರ್ಕಾರೀ ಭೂಮಿಯನ್ನು ಸಹ ಆದಿವಾಸಿಯಲ್ಲದವರಿಗೆ ಗುತ್ತಿಗೆ ಕೊಡುವಂತಿಲ್ಲ ಎಂದಿತು. ಸರ್ಕಾರದ್ದೇ ನಿಗಮಗಳಿಗೂ ಆದಿವಾಸಿಗಳ ಸಹಕಾರ ಸಂಘಗಳಿಗೂ ಈ ತಡೆ ಇಲ್ಲ.

ಕುಟೀರದಲ್ಲಿ ಎರಡು ರಾತ್ರಿ ಮಲಗಿ ಬರುವವರಿಗೆ ಇದೆಲ್ಲ ಏಕೆ ಎಂದು ಓದುಗ ಮಿತ್ರರು ಕೇಳಬಹುದು. ಸಂಬಂಧ ನೇರವಾದದ್ದು. ದಿನಬಾಡಿಗೆಯ ಮೇಲೆ ಕೋಣೆಯಲ್ಲಿ ತಂಗುವುದು ಗುತ್ತಿಗೆಯಲ್ಲ, ಬರೀ ಅನುಮತಿ. ಆದ್ದರಿಂದ ಅತಿಥಿಯಾಗಿ ಉಳಿಯುವುದರಲ್ಲಿ ಕಾನೂನಿನ ತೊಡಕಿಲ್ಲ. ಆದರೆ ಗಾಜಿನ ಗೋಡೆ, ಇಳಿಜಾರು ಛಾವಣಿ, ಮರದ ಜಗಲಿಗಳಿಂದ ಕಣ್ಸೆಳೆಯುವ ಕುಟೀರವನ್ನು ಹೊರಗಿನ ಬಂಡವಾಳಗಾರ ಯಾರೋ ಆದಿವಾಸಿಯೊಬ್ಬರ ಹೆಸರಿನಲ್ಲಿ ಬೇನಾಮಿಯಾಗಿ ಕಟ್ಟಿಸಿದ್ದರೆ, ಯಾವುದೇ ದಿನ ಅದು ವ್ಯಾಜ್ಯಕ್ಕೆ ಒಳಗಾಗಬಹುದು, ಬೀಗ ಬೀಳಬಹುದು. ಆಗ ನೀವು ಕಳಿಸಿದ ಮುಂಗಡಕ್ಕೆ ಜವಾಬುದಾರರು ಯಾರೂ ಸಿಗುವುದಿಲ್ಲ. ಹೆಸರು ಕೊಟ್ಟ ಆದಿವಾಸಿಗೆ ತಿಂಗಳಿಗೆ ಅಷ್ಟಿಷ್ಟು ಕೈಗಿಟ್ಟು ಅವನ ಹೊಲದಲ್ಲಿಯೇ ಅವನನ್ನು ಕಾವಲುಗಾರನನ್ನಾಗಿ ಮಾಡುವ ವ್ಯವಸ್ಥೆಗೆ ನಮ್ಮ ಬಾಡಿಗೆಯ ಹಣ ಹೋಗಬೇಕೇ ಎಂಬುದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ಹಾಗಾಗಿ ವಿಚಾರಿಸುವಾಗ ಸಂಕೋಚಪಡದೆ ಕೇಳಿ: ಜಾಗ ಯಾರದು, ನಡೆಸುವವರು ಯಾರು, ಪರವಾನಗಿ ಯಾರ ಹೆಸರಿನಲ್ಲಿದೆ? ಪ್ರವಾಸೋದ್ಯಮ ನಿಗಮದ ವಸತಿ, ಅರಣ್ಯ ಇಲಾಖೆಯ ಆಶ್ರಯದಲ್ಲಿ ಗ್ರಾಮಸಮಿತಿ ನಡೆಸುವ ವಸತಿ, ಆದಿವಾಸಿ ಕುಟುಂಬವೇ ವಾಸವಿದ್ದು ಒಂದೆರಡು ಕೋಣೆ ಬಿಟ್ಟುಕೊಡುವ ಮನೆ, ಈ ಮೂರರಲ್ಲಿ ಉತ್ತರ ಸುಲಭವಾಗಿ ಸಿಗುತ್ತದೆ. ಉಳಿದ ಕಡೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡುವುದೇ ಲೇಸು. ಇನ್ನು, ‘ಅರಕಿನಲ್ಲಿ ಐದು ಸೆಂಟು ಜಾಗ ಸಿಗುತ್ತದೆ, ಒಂದು ಕುಟೀರ ಕಟ್ಟಿಸಿ ಬಾಡಿಗೆಗೆ ಬಿಡೋಣ’ ಅಥವಾ ‘ಹತ್ತು ವರ್ಷಕ್ಕೆ ಲೀಸಿಗೆ ಹಾಕಿಕೊಳ್ಳೋಣ’ ಎಂಬ ಸಲಹೆ ನಿಮಗೆ ಬಂದಿದ್ದರೆ, ಮೇಲಿನ ಎರಡು ಕಂಡಿಕೆಗಳನ್ನು ಮತ್ತೊಮ್ಮೆ ಓದಿ. ನಿವೃತ್ತಿಯ ಹಣವನ್ನು ಹೂಡಲು ಇದಕ್ಕಿಂತ ಅಪಾಯದ ಜಾಗ ಹುಡುಕಿದರೂ ಸಿಗದು.

ಹಣದ ವ್ಯವಹಾರ

ಬ್ಯಾಂಕಿನವನಾದ್ದರಿಂದ ಈ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಸರಾಂತ ವಸತಿಗೃಹಗಳ ಚಿತ್ರಗಳನ್ನು ಕದ್ದು ನಕಲಿ ಜಾಲತಾಣ ತೆರೆದು ಮುಂಗಡ ಕೀಳುವ ದಂಧೆ ಈಚಿನ ವರ್ಷಗಳಲ್ಲಿ ಎಲ್ಲ ಪ್ರವಾಸೀ ತಾಣಗಳಲ್ಲಿಯೂ ಇದೆ. ನಿಗಮದ ವಸತಿಗಳನ್ನು ನಿಗಮದ ಅಧಿಕೃತ ತಾಣದಲ್ಲಿಯೇ, ಇಲ್ಲವೇ ನಿಗಮದ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಖುದ್ದಾಗಿ ಹೋಗಿ ಕಾಯ್ದಿರಿಸಿ. ಹುಡುಕಿದಾಗ ಮೊದಲು ಕಾಣಿಸುವ ದೂರವಾಣಿ ಸಂಖ್ಯೆಯೇ ಅಧಿಕೃತವೆಂದು ತಿಳಿಯಬೇಡಿ. ಯು.ಪಿ.ಐ. ಮೂಲಕ ಹಣ ಕಳಿಸುವಾಗ ಖಾತೆದಾರನ ನೋಂದಾಯಿತ ಹೆಸರು ತೆರೆಯ ಮೇಲೆ ಬರುತ್ತದೆ. ಕುಟೀರದ ಹೆಸರು ಒಂದು, ಖಾತೆಯ ಹೆಸರು ಮತ್ತೆಲ್ಲಿಯದೋ ಆದರೆ ಅಲ್ಲಿಗೆ ನಿಲ್ಲಿಸಿ. ‘ಮುಂಗಡ ವಾಪಸು ಕೊಡುತ್ತೇವೆ, ಪಿನ್ ಒತ್ತಿ’ ಎಂದು ಹೇಳಿದರೆ ಅದು ಖಂಡಿತ ಮೋಸ. ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಮೋಸವಾಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಮಾರನೆಯ ದಿನ ಶಾಖೆ ತೆರೆಯಲಿ ಎಂದು ಕಾಯುವಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿರುತ್ತದೆ.

ತೆರಿಗೆಯ ವಿಷಯದಲ್ಲಿಯೂ ಗೊಂದಲವಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ಕೋಣೆಗೆ ಶೇ. 5, ಅದನ್ನು ಮೀರಿದ ಕೋಣೆಗೆ ಶೇ. 18 ಜಿ.ಎಸ್.ಟಿ. ಅದಕ್ಕೂ ಹಿಂದೆ ಕೆಳಗಿನ ಹಂತಕ್ಕೆ ಶೇ. 12 ಇತ್ತು, ಹಳೆಯ ದರವನ್ನೇ ಈಗಲೂ ಹೇಳುವವರಿದ್ದರೆ ಬಿಲ್ಲನ್ನು ನೋಡಿ. ವರ್ಷಕ್ಕೆ 20 ಲಕ್ಷ ರೂ.ಗಿಂತ ಕಡಿಮೆ ವಹಿವಾಟಿನ ಸಣ್ಣ ಮನೆವಸತಿಯವರು ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ. ಆದ್ದರಿಂದ ತೆರಿಗೆ ಇಲ್ಲದ ರಸೀದಿ ಎಂದ ಮಾತ್ರಕ್ಕೆ ಅನುಮಾನ ಬೇಡ. ನೋಂದಣಿ ಸಂಖ್ಯೆ ಇಲ್ಲದೆಯೂ ತೆರಿಗೆಯನ್ನು ಸೇರಿಸಿ ವಸೂಲು ಮಾಡಿದರೆ ಅದು ತಪ್ಪು. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ರಜೆಗೆ ಬಂದ ಮಕ್ಕಳು, ಮೊಮ್ಮಕ್ಕಳು ವಿದೇಶೀ ಪಾಸ್‌ಪೋರ್ಟ್ ಹೊಂದಿದ್ದರೆ ಅವರ ವಿವರವನ್ನು ವಸತಿಯವರು ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ. ಇದನ್ನು ಮಾಡಲು ಬಾರದ ಸಣ್ಣ ಕುಟೀರದವರು ಬಾಗಿಲಿನಲ್ಲಿಯೇ ಕೋಣೆ ನಿರಾಕರಿಸುವುದುಂಟು; ಮೊದಲೇ ತಿಳಿಸಿಬಿಡಿ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಚಿತ್ರಗಳಿಗೂ ಸಲ್ಲುತ್ತದೆ. ಚಿತ್ರದಲ್ಲಿ ಕಾಣದ ಸಂಗತಿಗಳೇ ರಜೆಯನ್ನು ಕೆಡಿಸುತ್ತವೆ: ಸ್ನಾನದ ಮನೆ ಕುಟೀರದೊಳಗಿದೆಯೇ ಅಥವಾ ಗುಡಾರಗಳಿಗೆಲ್ಲ ಒಂದೇ ಸಾಲಿನಲ್ಲಿದೆಯೇ, ಬಿಸಿನೀರು ದಿನವಿಡೀ ಬರುತ್ತದೆಯೋ ಸೌದೆಯ ಒಲೆಯಿಂದ ಒಂದು ಬಕೆಟ್ಟು ತಂದುಕೊಡುತ್ತಾರೋ, ಕಾರು ನಿಲ್ಲುವ ಜಾಗದಿಂದ ಎಷ್ಟು ಮೆಟ್ಟಿಲು ಹತ್ತಬೇಕು, ಕರೆಂಟು ಹೋದರೆ ಜನರೇಟರ್ ಉಂಟೇ, ಮೊಬೈಲ್ ಸಿಗ್ನಲ್ ಸಿಗುತ್ತದೆಯೇ. ಬಾಡಿಗೆ ಕಾರಿನಲ್ಲಿ ಹೋಗುವವರು ಚಾಲಕನಿಗೆ ಮಲಗಲು ಜಾಗವಿದೆಯೇ ಎಂದು ಕೇಳುವುದನ್ನು ಮರೆಯುತ್ತಾರೆ. ರಾತ್ರಿಯೆಲ್ಲ ಚಳಿಯಲ್ಲಿ ಕಾರಿನೊಳಗೆ ಮುದುಡಿ ಕುಳಿತ ಮನುಷ್ಯ ಬೆಳಿಗ್ಗೆ ನಮ್ಮನ್ನು ಘಾಟಿ ಇಳಿಸಬೇಕು.

ಪ್ರಯಾಣ, ಆರೋಗ್ಯ, ಸುರಕ್ಷತೆ

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಸುಮಾರು 350 ಕಿ.ಮೀ. ರೈಲುಮಾರ್ಗ. ರತ್ನಾಚಲ್ ಎಕ್ಸ್‌ಪ್ರೆಸ್ ಹಳೆಯ ನಂಬಿಕಸ್ಥ ಗಾಡಿ. 2023ರ ಜನವರಿಯಲ್ಲಿ ಆರಂಭವಾದ ವಂದೇ ಭಾರತ್ ಇನ್ನೂ ವೇಗವಾಗಿ ಮುಟ್ಟಿಸುತ್ತದೆ. ವಿಶಾಖಪಟ್ಟಣದಲ್ಲಿ ಒಂದು ರಾತ್ರಿ ತಂಗಿ ಬೆಳಗಿನ ಕಿರಂದೂಲ್ ಗಾಡಿಯನ್ನು ಹಿಡಿದರೆ ಸುಮಾರು ನಾಲ್ಕು ಗಂಟೆಯಲ್ಲಿ ಅರಕು. ಬೈಲಾಡಿಲದ ಕಬ್ಬಿಣದ ಅದಿರನ್ನು ಜಪಾನಿಗೆ ರಫ್ತು ಮಾಡುವ ಉದ್ದೇಶದಿಂದ 1960ರ ದಶಕದಲ್ಲಿ ನಿರ್ಮಿಸಿದ ಈ ಮಾರ್ಗದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಅನಂತಗಿರಿ ಬೆಟ್ಟದ ಮೇಲಿನ ಶಿಮಿಲಿಗುಡ ನಿಲ್ದಾಣ ಸುಮಾರು 996 ಮೀಟರ್ ಎತ್ತರದಲ್ಲಿದ್ದು, ಬ್ರಾಡ್‌ಗೇಜ್ ನಿಲ್ದಾಣಗಳಲ್ಲಿ ದೇಶಕ್ಕೇ ಎತ್ತರವಾದದ್ದೆಂಬ ಕೀರ್ತಿಯನ್ನು ಬಹುಕಾಲ ಪಡೆದಿತ್ತು. ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿ 2017ರ ಏಪ್ರಿಲ್‌ನಲ್ಲಿ ಈ ಮಾರ್ಗಕ್ಕೆ ಬಂದಿತು. ಅದರ ಚೀಟಿ ಸಿಗದಿದ್ದರೆ ಚಿಂತಿಸಬೇಡಿ. ಸಾಮಾನ್ಯ ಬೋಗಿಯ ತೆರೆದ ಕಿಟಕಿಯಿಂದ ಬರುವ ಗಾಳಿ ಅದರಲ್ಲಿಲ್ಲ. ಮಳೆಗಾಲದಲ್ಲಿ ಬಂಡೆ ಉರುಳಿ ಮಾರ್ಗ ನಿಂತುಹೋಗುವುದುಂಟು. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗುವವರು ಮರುದಿನ ಕಚೇರಿಗೆ ಹಾಜರಾಗಲೇಬೇಕೆಂಬ ಹಠ ಇಟ್ಟುಕೊಳ್ಳಬಾರದು.

ಏಜೆನ್ಸಿಯಲ್ಲಿ ಮಲೇರಿಯಾ ಹಳೆಯ ಶತ್ರು. ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಸೊಳ್ಳೆಪರದೆ ಇಲ್ಲದ ಕೋಣೆಯಲ್ಲಿ ಮಲಗಬೇಡಿ. ಹಿಂದಿರುಗಿದ ಎರಡು, ಮೂರು ವಾರಗಳೊಳಗೆ ಜ್ವರ ಬಂದರೆ ‘ಅರಕಿಗೆ ಹೋಗಿದ್ದೆವು’ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಈ ಕಾಡುಗಳು ದಶಕಗಳ ಕಾಲ ಮಾವೋವಾದಿಗಳ ಓಡಾಟದ ಪ್ರದೇಶವಾಗಿದ್ದವು. 2018ರ ಸೆಪ್ಟೆಂಬರಿನಲ್ಲಿ ಅರಕಿನ ಶಾಸಕರ ಹತ್ಯೆಯಾಯಿತು; 2025ರ ನವೆಂಬರ್ 18ರಂದು ಮಾರೇಡುಮಿಲ್ಲಿಯ ಕಾಡಿನಲ್ಲಿ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಮಾವೋವಾದಿ ನಾಯಕ ಮಾಡ್ವಿ ಹಿಡ್ಮಾ ಹತನಾದ. ಪ್ರವಾಸಿಗರು ಅಂಜಬೇಕಾದ ಸ್ಥಿತಿ ಇದೆಯೆಂದು ಇದರ ಅರ್ಥವಲ್ಲ. ಮುಖ್ಯರಸ್ತೆ ಬಿಟ್ಟು ಒಳಗಾಡಿಗೆ ಗೈಡ್ ಇಲ್ಲದೆ ನುಗ್ಗದಿರುವುದು, ಕತ್ತಲಾಗುವ ಮುನ್ನ ಘಾಟಿ ಮುಗಿಸುವುದು, ತಪಾಸಣೆ ಮಾಡುವ ಪೊಲೀಸರಿಗೆ ಗುರುತಿನ ಚೀಟಿ ತೋರಿಸುವುದು, ಇಷ್ಟು ಸಾಕು.

ನಂಟಿನ ಎಳೆಗಳು

ಕಾಫಿಯ ನಾಡಿನಿಂದ ಬಂದ ನಮಗೆ ಅರಕಿನ ಕಾಫಿಯಲ್ಲಿ ಆಸಕ್ತಿ ಸಹಜ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳಿಗೂ ವಯನಾಡಿನ ರೊಬಸ್ಟಾಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಅದೇ ಪಟ್ಟಿಯಲ್ಲಿ ಐದನೆಯದಾಗಿ ಅರಕು ಕಣಿವೆಯ ಅರೇಬಿಕಾ ಇತ್ತು. ವ್ಯತ್ಯಾಸವೆಂದರೆ ಇಲ್ಲಿ ನೂರಾರು ಎಕರೆಯ ಎಸ್ಟೇಟುಗಳಿಲ್ಲ. ಸಿಲ್ವರ್ ಓಕ್ ಮರಗಳ ನೆರಳಿನಲ್ಲಿ, ಮೆಣಸಿನ ಬಳ್ಳಿಯ ಜೊತೆಗೆ ಕಾಫಿ ಬೆಳೆಯುವವರು ಸಣ್ಣ ಸಣ್ಣ ಹಿಡುವಳಿಯ ಆದಿವಾಸಿ ರೈತರು. ಅರಕು ಹೆಸರಿನ ಕಾಫಿ 2017ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, 2021ರಲ್ಲಿ ಬೆಂಗಳೂರಿನ ಇಂದಿರಾನಗರಕ್ಕೂ ಬಂದಿತು. ಬರುವಾಗ ಕಾಫಿಪುಡಿ, ಜೇನುತುಪ್ಪಗಳನ್ನು 1956ರಲ್ಲಿ ಸ್ಥಾಪಿತವಾದ ಗಿರಿಜನ ಸಹಕಾರ ನಿಗಮದ ಮಳಿಗೆಯಲ್ಲಿ ಕೊಳ್ಳಬಹುದು.

ಭಾಷೆಯ ನಂಟೂ ಇದೆ. ಈ ಬೆಟ್ಟಗಳಲ್ಲಿ ಕೇಳಿಬರುವ ಕುವಿ ಮತ್ತು ಕೊಂಡ ಭಾಷೆಗಳು ದ್ರಾವಿಡ ಕುಟುಂಬದವು, ಅಂದರೆ ಕನ್ನಡದ ದೂರದ ಬಂಧುಗಳು. ಕೊಂಡ ಭಾಷೆಯ ವ್ಯಾಕರಣವನ್ನು ಮೊದಲ ಬಾರಿಗೆ ವಿವರವಾಗಿ ಬರೆದವರು ಭದ್ರಿರಾಜು ಕೃಷ್ಣಮೂರ್ತಿಯವರು. ಆ ಗ್ರಂಥ 1969ರಲ್ಲಿ ಪ್ರಕಟವಾಯಿತು. ಧಿಂಸಾ ಕುಣಿತವನ್ನು ರೆಸಾರ್ಟಿನ ಅಂಗಳದಲ್ಲಿ ನೋಡಿ ಚಿತ್ರ ತೆಗೆದುಕೊಳ್ಳುವವರು ಕುಣಿಯುವ ಹೆಂಗಸರಿಗೆ ಸಂದಾಯವಾಗುವುದೆಷ್ಟು ಎಂದು ಒಮ್ಮೆ ವಿಚಾರಿಸಿದರೆ ಚೆನ್ನು. ಹಳ್ಳಿಯ ಮನೆಗಳೊಳಕ್ಕೆ, ಜನರ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯುವುದು ಯಾವ ನಾಡಿನಲ್ಲಿಯೂ ಸಭ್ಯತೆಯಲ್ಲ.

ಇಷ್ಟು ದೂರ ಹೋಗಲು ಬಿಡುವಿಲ್ಲದವರಿಗೆ ಇಬ್ರಾಹಿಂಪಟ್ನಂ ಪಕ್ಕದಲ್ಲಿಯೇ ಕೊಂಡಪಲ್ಲಿಯ ಬೆಟ್ಟ ಮತ್ತು ಮೀಸಲು ಅರಣ್ಯವಿದೆ. ರಾತ್ರಿ ತಂಗುವ ಏರ್ಪಾಡಿಗಿಂತ ಬೆಳಗಿನಿಂದ ಸಂಜೆಯವರೆಗಿನ ಸುತ್ತಾಟಕ್ಕೆ ಒಪ್ಪುವ ಜಾಗ. ಮೇಲಿನ ಕೋಟೆ ರೆಡ್ಡಿ ಅರಸರ ಕಾಲದ್ದು. ಕಳಿಂಗ ದಂಡಯಾತ್ರೆಯಲ್ಲಿ ಶ್ರೀಕೃಷ್ಣದೇವರಾಯ ಈ ಕೋಟೆಯನ್ನು ಗಜಪತಿಗಳಿಂದ ಗೆದ್ದು, ಮುಂದುವರಿದು ವಿಶಾಖಪಟ್ಟಣದ ಬಳಿಯ ಸಿಂಹಾಚಲದವರೆಗೆ ಹೋದದ್ದಕ್ಕೆ ಅಲ್ಲಿನ ದೇವಾಲಯದ 1516ರ ಶಾಸನ ಸಾಕ್ಷಿ. ಬೆಟ್ಟದ ಕೆಳಗಿನ ಊರಿನಲ್ಲಿ ಕೊಂಡಪಲ್ಲಿ ಗೊಂಬೆಗಳನ್ನು ಮಾಡುವ ಕುಟುಂಬಗಳ ಬೀದಿಯಿದೆ. ನಮ್ಮ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ ಅರಗಿನ ಬಣ್ಣ ಹಚ್ಚುತ್ತಾರೆ. ಇಲ್ಲಿ ಹಗುರವಾದ ತೆಲ್ಲ ಪೊಣಿಕಿ ಮರವನ್ನು ಉಳಿಯಿಂದ ಕೆತ್ತಿ, ಕೈಕಾಲುಗಳನ್ನು ಬೇರೆಯಾಗಿ ಮಾಡಿ ಅಂಟಿಸುತ್ತಾರೆ. ಆ ಮರ ಬರುವುದು ಇದೇ ಕೊಂಡಪಲ್ಲಿಯ ಕಾಡಿನಿಂದ. ಅದು ವಿರಳವಾಗುತ್ತಿದೆ ಎಂಬುದು ಕುಶಲಕರ್ಮಿಗಳ ಅಳಲು. ದಸರೆಯ ಗೊಂಬೆ ಕೂರಿಸುವವರು ಸೆಪ್ಟೆಂಬರಿಗೆ ಮುನ್ನವೇ ಹೋದರೆ ಆಯ್ಕೆಗೆ ಹೆಚ್ಚು ಅವಕಾಶವಿರುತ್ತದೆ.